ಟಿ.ವಿ.ಯಲ್ಲಿ ಓಡದ ಮದುವೆ: ಚಿತ್ರದ ಅಳತೆಗಳ ಚರಿತ್ರೆ

ಬೀರೂರಿನಿಂದ ಚಿಕ್ಕಜಾಜೂರಿನ ಕಡೆಗೆ ಹೋಗುವ ರೈಲು ಅಜ್ಜಂಪುರ ದಾಟಿದ ಮೇಲೆ ಶಿವನಿಗೆ ಬರುತ್ತದೆ. ಈ ಹಾದಿ ಇಂದು ಬ್ರಾಡ್‌ಗೇಜ್; ಎರಡು ಕಂಬಿಗಳ ನಡುವಿನ ಅಂತರ 1676 ಮಿಲಿಮೀಟರ್. 1990ರ ದಶಕದಲ್ಲಿ ಬದಲಾಗುವ ಮುನ್ನ ಇಲ್ಲಿದ್ದುದು ಮೀಟರ್‌ಗೇಜ್. ಅಂತರ 1000 ಮಿ.ಮೀ. ಆ ಕಾಲದಲ್ಲಿ ಇಲ್ಲಿಂದ ಹೊರಟ ಸರಕು ಬ್ರಾಡ್‌ಗೇಜ್ ಹಾದಿಯ ಊರನ್ನು ಸೇರಬೇಕಾದರೆ, ಎರಡು ಗೇಜುಗಳು ಕೂಡುವ ಜಂಕ್ಷನ್ನಿನಲ್ಲಿ ಮೂಟೆಗಳನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಮತ್ತೊಂದಕ್ಕೆ ಏರಿಸಬೇಕಿತ್ತು. ಸರಕು ಕೆಟ್ಟಿರಲಿಲ್ಲ, ಗಾಡಿಯೂ ಕೆಟ್ಟಿರಲಿಲ್ಲ. ಅಳತೆ ಹೊಂದುತ್ತಿರಲಿಲ್ಲ, ಅಷ್ಟೆ.

ಇದೇ ಶಿವನಿಯ ಹುಡುಗನೊಬ್ಬ ಅಕ್ಕನ ಮದುವೆಯನ್ನು ಮೊಬೈಲ್ ಫೋನಿನಲ್ಲಿ ಚಿತ್ರಿಸಿದನೆಂದು ಇಟ್ಟುಕೊಳ್ಳೋಣ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಧಾರೆಯ ದೃಶ್ಯದಲ್ಲಿ ಕಪ್ಪು ಪಟ್ಟೆಗಳು ಹರಿದಾಡುತ್ತವೆ. ಕಂಪ್ಯೂಟರಿಗೆ ಹಾಕಿ ಸಂಕಲನ ಮಾಡಹೊರಟರೆ ಚಿತ್ರ ಮುಗ್ಗರಿಸುತ್ತದೆ. ಪುರೋಹಿತರ ತುಟಿ ಮೊದಲು ಆಡಿ, ಮಂತ್ರ ಆಮೇಲೆ ಕೇಳಿಸುತ್ತದೆ. ರಾತ್ರಿಯಿಡೀ ರೆಂಡರ್ ಆದ ಫೈಲನ್ನು ಪೆನ್‌ಡ್ರೈವ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೇಗೋ ತುಂಬಿ ಸೋದರಮಾವನ ಮನೆಗೆ ಒಯ್ದರೆ ಅವರ ಟಿ.ವಿ. ಅದನ್ನು ತೆರೆಯುವುದೇ ಇಲ್ಲ. ಹೊಸಬ ಮೊದಲು ಫೋನನ್ನು ಬೈಯುತ್ತಾನೆ, ಆಮೇಲೆ ಕಂಪ್ಯೂಟರನ್ನು, ಕೊನೆಗೆ ತನ್ನನ್ನೇ. ಆದರೆ ಈ ತೊಂದರೆಗಳಲ್ಲಿ ಬಹುಪಾಲು ಗೇಜಿನ ತೊಂದರೆಗಳೇ. ಒಂದೊಂದರ ಹಿಂದೆಯೂ ಒಂದೊಂದು ಚರಿತ್ರೆ ಇದೆ.

ಕೈಹಿಡಿ ತಿರುಗಿಸಿದ ಕಾಲ

ಚಲನಚಿತ್ರದ ಮೊದಲ ಒಪ್ಪಂದ ಫಿಲ್ಮಿನ ಅಗಲದ್ದು. 1909ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಚಿತ್ರ ತಯಾರಕರು 35 ಮಿ.ಮೀ. ಅಗಲದ ಫಿಲ್ಮನ್ನು ಸಾಮಾನ್ಯ ಅಳತೆಯಾಗಿ ಒಪ್ಪಿಕೊಂಡರು. ಒಂದು ದೇಶದಲ್ಲಿ ತೆಗೆದ ಚಿತ್ರ ಇನ್ನೊಂದು ದೇಶದ ಚಿತ್ರಮಂದಿರದಲ್ಲಿ ಓಡುವುದು ಇದರಿಂದ ಸುಲಭವಾಯಿತು.

ವೇಗದ ಒಪ್ಪಂದ ಮಾತ್ರ ತಡವಾಗಿ ಬಂತು. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾದ ಹಿಡಿಯನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ಕೈ ಒಮ್ಮೆ ಚುರುಕಾಗುತ್ತಿತ್ತು, ಒಮ್ಮೆ ನಿಧಾನವಾಗುತ್ತಿತ್ತು. ಕಣ್ಣು ಅದನ್ನು ಕ್ಷಮಿಸುತ್ತಿತ್ತು. 1920ರ ದಶಕದ ಕೊನೆಯಲ್ಲಿ ಮಾತು ಬಂದಾಗ ಕಿವಿ ಕ್ಷಮಿಸಲಿಲ್ಲ. ವೇಗ ಏರಿಳಿದರೆ ದನಿಯೂ ಏರಿಳಿಯುತ್ತದೆ, ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಹೀಗಾಗಿ ಮೋಟಾರು ಬಂತು. ಸೆಕೆಂಡಿಗೆ 24 ಚಿತ್ರ ಎಂಬ ನಿಯಮ ನೆಲೆನಿಂತಿತು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ, ಕೊಲ್ಹಾಪುರದಲ್ಲಿ ಚಿತ್ರಿತವಾದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಈ ಹೊಸ ಕಾಲದ್ದು.

ಇಂದಿನ ಮೊಬೈಲ್ ಫೋನುಗಳಲ್ಲಿ ಅನೇಕವು ಆ ಕೈಹಿಡಿಯ ಕಾಲಕ್ಕೇ ಮರಳಿವೆ ಎಂದರೆ ಅತಿಶಯೋಕ್ತಿಯಲ್ಲ. ಬೆಳಕು ಕಡಿಮೆಯಾದರೆ ಅಥವಾ ಯಂತ್ರ ಬಿಸಿಯಾದರೆ ಅವು ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ತಾವೇ ಬದಲಿಸಿಕೊಳ್ಳುತ್ತವೆ. ಫೋನಿನಲ್ಲಿ ನೋಡುವಾಗ ದೋಷ ಕಾಣದು. ಸ್ಥಿರ ವೇಗವನ್ನು ನಂಬಿ ಕೆಲಸ ಮಾಡುವ ಸಂಕಲನ ತಂತ್ರಾಂಶಕ್ಕೆ ಹಾಕಿದಾಗ ಧ್ವನಿ ಜಾರುತ್ತದೆ. ಪರಿಹಾರವೂ ಹಳೆಯದೇ: ಸಂಕಲನಕ್ಕೆ ಮುನ್ನ ಇಡೀ ಚಿತ್ರವನ್ನು ಒಂದೇ ವೇಗಕ್ಕೆ ಪರಿವರ್ತಿಸಿಕೊಳ್ಳಬೇಕು.

ವಿದ್ಯುತ್ತು ಹೇಳಿದ ಲೆಕ್ಕ

ಟ್ಯೂಬ್‌ಲೈಟಿನ ಪಟ್ಟೆಗಳ ಮೂಲ ವಿದ್ಯುತ್ತಿನಲ್ಲಿದೆ. ಮೈಸೂರು ಸಂಸ್ಥಾನ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕಳಿಸಿದ ವಿದ್ಯುತ್ತು ಸೆಕೆಂಡಿಗೆ 25 ಆವರ್ತನದ್ದು. ಮುಂದೆ ದೇಶಕ್ಕೆಲ್ಲ ನೆಲೆನಿಂತದ್ದು 50 ಆವರ್ತನ. ಅಮೆರಿಕ 60 ಅನ್ನು ಹಿಡಿಯಿತು. ಟೆಲಿವಿಷನ್ ರೂಪಿಸಿದ ಎಂಜಿನಿಯರುಗಳು, ವಿದ್ಯುತ್ತಿನ ಮಿಡಿತ ಪರದೆಯ ಮೇಲೆ ಅಲೆಯಾಗಿ ತೇಲದಿರಲೆಂದು, ಚಿತ್ರದ ವೇಗವನ್ನು ಅದಕ್ಕೇ ಹೊಂದಿಸಿದರು. 50 ಆವರ್ತನದ ದೇಶಗಳಲ್ಲಿ ಸೆಕೆಂಡಿಗೆ 25 ಚಿತ್ರ, ಅಮೆರಿಕದಲ್ಲಿ 30. ಅಲ್ಲಿ 1953ರಲ್ಲಿ ಬಣ್ಣ ಬಂದಾಗ ಅದು ಸಾವಿರದಲ್ಲೊಂದು ಪಾಲು ಇಳಿದು 29.97 ಆಯಿತು. ಅಲ್ಪ ವ್ಯತ್ಯಾಸವೇ ಸರಿ. ಆದರೆ 29.97ರ ಚಿತ್ರವನ್ನು 30 ಎಂದು ಎಣಿಸಿದರೆ ಒಂದು ಗಂಟೆಯಲ್ಲಿ ಧ್ವನಿ ಮೂರೂವರೆ ಸೆಕೆಂಡಿಗೂ ಹೆಚ್ಚು ತಪ್ಪುತ್ತದೆ.

50 ಆವರ್ತನದಲ್ಲಿ ಉರಿಯುವ ದೀಪ ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಫೋನಿನ ಶಟರ್ ಅದಕ್ಕೆ ಹೊಂದದಿದ್ದರೆ ಆ ಏರಿಳಿತವೇ ಪಟ್ಟೆಯಾಗಿ ಕಾಣುತ್ತದೆ. ವೇಗವನ್ನು 25ಕ್ಕೂ ಶಟರನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೂ ಇಟ್ಟರೆ ಪಟ್ಟೆಗಳು ಸಾಮಾನ್ಯವಾಗಿ ಅಡಗುತ್ತವೆ. ಇದು ಚಿತ್ರಿಸುವಾಗಲೇ ಆಗಬೇಕಾದ ಕೆಲಸ.

ಕಡಲಾಚೆ ಹೋದ ಕ್ಯಾಸೆಟ್ಟು

ಭಾರತ 1982ರಲ್ಲಿ ಬಣ್ಣದ ಟಿ.ವಿ.ಗೆ ಬಂದಾಗ ಆರಿಸಿಕೊಂಡದ್ದು 625 ಗೆರೆಗಳ, 25 ಚಿತ್ರಗಳ ‘ಪಾಲ್’ ಪದ್ಧತಿ. ಅಮೆರಿಕದ್ದು 525 ಗೆರೆಗಳ ‘ಎನ್‌ಟಿಎಸ್‌ಸಿ’. ಅದೇ ದಶಕದಲ್ಲಿ ಮದುವೆ ಮನೆಗಳಿಗೆ ವಿಡಿಯೊ ಕ್ಯಾಮೆರಾ ಬಂತು. ಊರಿನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟನ್ನು ಅಮೆರಿಕದ ಮಗನಿಗೆ ಕಳಿಸಿದ ಮನೆಯವರಿಗೆ ಗೇಜಿನ ತೊಂದರೆ ಆಗಲೇ ಎದುರಾಯಿತು. ಕ್ಯಾಸೆಟ್ಟು ಅಲ್ಲಿನ ವಿಸಿಆರ್ ಒಳಗೆ ಸರಿಯಾಗಿಯೇ ಕೂರುತ್ತಿತ್ತು, ಚಿತ್ರ ಮಾತ್ರ ಮೂಡುತ್ತಿರಲಿಲ್ಲ. ಎರಡೂ ಪದ್ಧತಿ ಬಲ್ಲ ವಿಸಿಆರ್ ಹುಡುಕಬೇಕು, ಇಲ್ಲವೇ ದುಡ್ಡು ಕೊಟ್ಟು ಪರಿವರ್ತನೆ ಮಾಡಿಸಬೇಕು.

ಆಗಿನ ಸಂಕಲನವೆಂದರೆ ಎರಡು ವಿಸಿಆರ್‌ಗಳನ್ನು ಜೋಡಿಸಿ ಒಂದರಿಂದ ಇನ್ನೊಂದಕ್ಕೆ ಬೇಕಾದ ಭಾಗವನ್ನು ಇಳಿಸುವುದು. ಒಂದೊಂದು ನಕಲಿಗೂ ಚಿತ್ರ ಮಸುಕಾಗುತ್ತಿತ್ತು. ಅಂಕಿಗಳ ಕಾಲದಲ್ಲಿ ಫೈಲನ್ನು ಹಾಗೆಯೇ ನಕಲು ಮಾಡಿದರೆ ಏನೂ ನಷ್ಟವಿಲ್ಲ. ಆದರೆ ಒಮ್ಮೆ ಎಕ್ಸ್‌ಪೋರ್ಟ್ ಮಾಡಿದ್ದನ್ನೇ ಮತ್ತೆ ತಂದು, ತಿದ್ದಿ, ಇನ್ನೊಮ್ಮೆ ಎಕ್ಸ್‌ಪೋರ್ಟ್ ಮಾಡಿದರೆ ಹಳೆಯ ಮಸುಕು ಮರಳಿ ಬರುತ್ತದೆ. ತಿದ್ದುವುದಾದರೆ ಪ್ರತಿ ಸಲವೂ ಮೂಲದಿಂದಲೇ ತಿದ್ದಬೇಕು.

ಚೀಲ ಮತ್ತು ಅಡಿಕೆ

ಟಿ.ವಿ. ಫೈಲನ್ನು ತೆರೆಯದಿರುವುದಕ್ಕೆ ಕಾರಣ ತಿಳಿಯಲು ಒಂದು ಲೆಕ್ಕ ಬೇಕು. ಇಂದಿನ ಸಾಮಾನ್ಯ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳಿವೆ. ಚುಕ್ಕೆಗೆ 3 ಬೈಟ್‌ನಂತೆ, ಸೆಕೆಂಡಿಗೆ 25 ಚಿತ್ರಗಳನ್ನು ಹಾಗೆಯೇ ಬರೆದಿಟ್ಟರೆ ಒಂದು ಗಂಟೆಯ ಮದುವೆಗೆ ಸುಮಾರು 560 ಗಿಗಾಬೈಟ್ ಬೇಕು. ಅದನ್ನು ನಾಲ್ಕೈದು ಗಿಗಾಬೈಟಿಗೆ ಕುಗ್ಗಿಸುವ ವಿಧಾನಕ್ಕೆ ಕೋಡೆಕ್ ಎಂದು ಹೆಸರು. ಅದು ಆಗೊಮ್ಮೆ ಈಗೊಮ್ಮೆ ಪೂರ್ಣ ಚಿತ್ರವನ್ನು ಬರೆದಿಟ್ಟು, ನಡುವಿನ ಚಿತ್ರಗಳಲ್ಲಿ ಬದಲಾದುದನ್ನಷ್ಟೇ ದಾಖಲಿಸುತ್ತದೆ. ಮಂಟಪದ ಹಿಂದಿನ ಗೋಡೆಯನ್ನು ಪ್ರತಿ ಚಿತ್ರದಲ್ಲೂ ಮತ್ತೆ ಬರೆಯಬೇಕಿಲ್ಲವಲ್ಲ!

ನೋಡುವವರಿಗೆ ಇದು ಅನುಕೂಲ, ಸಂಕಲನಕಾರನಿಗೆ ಕಷ್ಟ. ನಡುವಿನ ಒಂದು ಚಿತ್ರವನ್ನು ಕೇಳಿದಾಗ ಕಂಪ್ಯೂಟರು ಹಿಂದಿನ ಪೂರ್ಣ ಚಿತ್ರದಿಂದ ಲೆಕ್ಕ ಹಾಕಿಕೊಂಡು ಬರಬೇಕು, ಮುಗ್ಗರಿಸುವುದು ಇಲ್ಲಿಯೇ. ಕೆಲಸಕ್ಕೆಂದು ಹಗುರವಾದ ತಾತ್ಕಾಲಿಕ ನಕಲು ಮಾಡಿಕೊಂಡರೆ ಇದು ನೀಗುತ್ತದೆ. ಅದಕ್ಕೆ ಪ್ರಾಕ್ಸಿ ಎನ್ನುತ್ತಾರೆ. ರೆಂಡರ್‌ಗೆ ರಾತ್ರಿಯೆಲ್ಲ ಹಿಡಿಯುವುದೂ ಸೋಜಿಗವಲ್ಲ: ಒಂದು ಗಂಟೆಗೆ 90,000 ಚಿತ್ರಗಳನ್ನು ಬಿಡಿಸಿ, ತಿದ್ದಿ, ಮತ್ತೆ ಕುಗ್ಗಿಸಬೇಕು.

ಇನ್ನು ಎಂಪಿ4 ಎಂಬುದು ಬರೀ ಚೀಲದ ಹೆಸರು. ಚೀಲದ ಮೇಲೆ ಅಡಿಕೆ ಎಂದು ಬರೆದಿದ್ದರೆ ಅದು ಹಸಿಯೋ, ಬೇಯಿಸಿದ ಕೆಂಪಡಿಕೆಯೋ, ಚಾಲಿಯೋ ಎಂದು ತಿಳಿಯದು. ತರೀಕೆರೆ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಂಪಿ4 ಚೀಲದೊಳಗೆ 2003ರಲ್ಲಿ ರೂಪುಗೊಂಡ ಎಚ್.264 ಇರಬಹುದು, 2013ರ ಎಚ್.265 ಇರಬಹುದು. ಎರಡನೆಯದು ಇನ್ನೂ ಚಿಕ್ಕದಾಗಿ ಕುಗ್ಗಿಸುತ್ತದೆ, ಆದರೆ ಹಳೆಯ ಟಿ.ವಿ.ಗಳಿಗೆ ಅದರ ಭಾಷೆ ಬಾರದು. ಸೋದರಮಾವನ ಟಿ.ವಿ.ಗೆ ಎಂಪಿ4 ಚೀಲ, ಒಳಗೆ ಎಚ್.264 ಚಿತ್ರ, ಎಎಸಿ ಧ್ವನಿ ಇದ್ದರೆ ಸುರಕ್ಷಿತ. ಪೆನ್‌ಡ್ರೈವಿನ ತಕರಾರು ಬೇರೆಯದು: ಅನೇಕ ಪೆನ್‌ಡ್ರೈವುಗಳು ಬಳಸುವ ಫ್ಯಾಟ್32 ಪದ್ಧತಿಯಲ್ಲಿ ಒಂದು ಫೈಲು 4 ಗಿಗಾಬೈಟ್ ಮೀರುವಂತಿಲ್ಲ. ಮದುವೆಯನ್ನು ಎರಡು ಭಾಗ ಮಾಡಿದರಾಯಿತು. ಇಡೀ ರಾತ್ರಿ ಕಾಯುವ ಮುನ್ನ ಒಂದು ನಿಮಿಷದ ತುಣುಕನ್ನು ಎಕ್ಸ್‌ಪೋರ್ಟ್ ಮಾಡಿ, ಅದೇ ಟಿ.ವಿ.ಯಲ್ಲಿ ಹಾಕಿ ನೋಡುವುದು ಜಾಣತನ.

ಬೀರುವಿನಲ್ಲಿ ಉಳಿದದ್ದು

ಇವೆಲ್ಲ ಬರೀ ಕಿರಿಕಿರಿಗಳಾಗಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಜಪಾನಿನ ಫುನೈ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆಯನ್ನು ನಿಲ್ಲಿಸಿತು. ಅಷ್ಟು ಹೊತ್ತಿಗೆ ಉಳಿದ ಕಂಪನಿಗಳು ಅದನ್ನು ಕೈಬಿಟ್ಟಿದ್ದವು. ನಮ್ಮ ಮನೆಗಳ ಬೀರುಗಳಲ್ಲಿ ಇನ್ನೂ ವಿಎಚ್‌ಎಸ್ ಕ್ಯಾಸೆಟ್ಟುಗಳಿವೆ. ಅವುಗಳಲ್ಲಿ ಈಗ ಇಲ್ಲದ ಅಜ್ಜಿಯ ಸೋಬಾನೆ ಪದವಿದೆ, ಅಪ್ಪ ಹುಡುಗನಾಗಿದ್ದಾಗಿನ ನಡಿಗೆಯಿದೆ. ಟೇಪಿಗೆ ಬೂಷ್ಟು ಹಿಡಿಯುತ್ತಿದೆ, ಓದುವ ಯಂತ್ರ ಅಪರೂಪವಾಗುತ್ತಿದೆ. ಇಳಿಸಿಕೊಳ್ಳುವ ಕೆಲಸವನ್ನು ಮುಂದೂಡಿದಷ್ಟೂ ಕಷ್ಟ.

ಕನ್ನಡಿಗರಿಗೆ ಈ ಪಾಠ ಹೊಸದಲ್ಲ. ‘ಸತಿ ಸುಲೋಚನ’ ಓಡಿದ್ದು ಜಗತ್ತೆಲ್ಲ ಒಪ್ಪಿದ 35 ಮಿ.ಮೀ. ಅಳತೆಯಲ್ಲಿ. ಗೇಜು ಸರಿಯಿತ್ತು, ಉಳಿಸಿದ ಪ್ರತಿ ಇರಲಿಲ್ಲ. ಕನ್ನಡ ತೆರೆಯ ಮೇಲೆ ಮೊದಲು ಮಾತಾಡಿದ ಆ ಚಿತ್ರವನ್ನು ಇಂದು ಯಾರೂ ನೋಡುವಂತಿಲ್ಲ.

ಆದ್ದರಿಂದ ಶಿವನಿಯ ಹುಡುಗ ಸೋದರಮಾವನಿಗೆ ಪೆನ್‌ಡ್ರೈವ್ ಕೊಟ್ಟ ಮೇಲೆ ಮಾಡಬೇಕಾದ ಇನ್ನೊಂದು ಕೆಲಸವಿದೆ. ಫೋನಿನಿಂದ ಬಂದ ಮೂಲ ಫೈಲುಗಳನ್ನು, ಜಾಗ ಸಾಲದೆಂದು ಅಳಿಸದೆ, ಎರಡು ಬೇರೆ ಬೇರೆ ಕಡೆ ಇಟ್ಟಿರಬೇಕು. ಅಕ್ಕನ ಮಗಳು ದೊಡ್ಡವಳಾಗಿ ಅಮ್ಮನ ಮದುವೆ ನೋಡಬೇಕೆಂದಾಗ ಟಿ.ವಿ. ಯಾವ ಗೇಜಿನದಾಗಿರುತ್ತದೆಂದು ಯಾರಿಗೂ ಗೊತ್ತಿಲ್ಲ. ಮೂಲವಿದ್ದರೆ ಆಗಲೂ ಅದನ್ನು ಇನ್ನೊಂದು ವ್ಯಾಗನ್ನಿಗೆ ಏರಿಸಬಹುದು.