ಪೆಟ್ಟಿಗೆಯೊಳಗಿನ ಸಾಕ್ಷ್ಯ

ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ 1892ರಲ್ಲಿ ರೈಸ್ ಸಾಹೇಬರು ಕಂಡುಹಿಡಿದ ಅಶೋಕನ ಶಾಸನದ ಕೊನೆಯಲ್ಲಿ, ಲಿಪಿಕಾರ ಚಪಡನು ಒಂದು ಪದವನ್ನು ಖರೋಷ್ಠಿಯಲ್ಲಿ ಬರೆದಿರುವನು. ವಾಯವ್ಯ ದೇಶದ ಆ ಲಿಪಿಯೊಂದೇ ಅವನು ಕಲಿತ ವಿದ್ಯೆಯ ನೆಲೆಯನ್ನು ಸೂಚಿಸುತ್ತದೆ.

ನಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಅಂತಹ ಗುರುತೊಂದುಂಟು: ಊರಿನ ರೇಷ್ಮೆಯಲ್ಲಿ ಸುತ್ತಿಟ್ಟ, ನಡುವಿಗೆ ಕಟ್ಟುವ ಬಿಳಿಯ ತೊಗಲು. ಮುತ್ತಜ್ಜನವರು ಮಾಟದವರ ಕೂಟವನ್ನು ಸೇರಿದ್ದರೆಂದು ಹಿರಿಯರು ಪಿಸುಗುಟ್ಟುತ್ತಿದ್ದರು. ಶ್ರಾದ್ಧದ ದಿನವಲ್ಲದೆ ಅವರ ಹೆಸರೆತ್ತುತ್ತಿರಲಿಲ್ಲ.

ಅದು ಫ್ರೀಮೇಸನರ ಉಡುಗೆ. ಮಾಟವೆಲ್ಲಿ ಬಂತು? ಮುಂದೆ ವಿವೇಕಾನಂದರಾದ ನರೇಂದ್ರನಾಥ ದತ್ತರೇ 1884ರಲ್ಲಿ ಕಲ್ಕತ್ತೆಯಲ್ಲಿ ಈ ಸಂಘವನ್ನು ಸೇರಿದ್ದರು. ಇಂಗ್ಲೆಂಡಿನ ಪದ್ಧತಿಯಂತೆ ಹೊಸಬನದು ಅಚ್ಚ ಬಿಳುಪು. ಎರಡನೆಯ ಮೆಟ್ಟಿಲಿನವನಿಗೆ ಎರಡು ನೀಲಿ ಕುಚ್ಚುಹೂ. ಮೂರನೆಯವನಿಗೆ ಮೂರು, ಜತೆಗೆ ನೀಲಿಯ ಅಂಚು. ನಮ್ಮದರಲ್ಲಿರುವುದು ಎರಡೇ.

ಆದರೆ ತೊಗಲು ಮೆಟ್ಟಿಲನ್ನು ಹೇಳೀತು, ತೊಟ್ಟವನನ್ನು ಹೇಳದು. ಹರಾಜಿನಲ್ಲಿ ಕೊಂಡದ್ದೂ ಆಗಿರಬಹುದು. ಸದಸ್ಯನ ಸಹಿಯಿರಬೇಕಾದ ಪ್ರಮಾಣಪತ್ರವು ಗೆದ್ದಲಿನ ಪಾಲಾಯಿತು. ಉಳಿದುದು ಲಂಡನ್ನಿನ ಮಹಾಸಂಘವು ಕಾದಿಟ್ಟ, 1751ರಿಂದ 1921ರವರೆಗಿನ ಸದಸ್ಯರ ದಾಖಲೆ. ನಮ್ಮ ಹೆಸರುಗಳ ಕಾಗುಣಿತವು ಅಲ್ಲಿ ಬರೆದವನ ಕಿವಿಗೆ ಬಿಟ್ಟದ್ದು! ಅದರಲ್ಲಿ ಒಂದೊಂದು ಮೆಟ್ಟಿಲಿಗೂ ತಾರೀಖಿನ ಅಂಕಣವುಂಟು. ಮೂರನೆಯ ಅಂಕಣ ಬರಿದಾಗಿರುವ ಹೆಸರನ್ನು ನಾನೀಗ ಹುಡುಕುತ್ತಿದ್ದೇನೆ.