ಮಂಡ್ಯ ಸೀಮೆಯ ಕೂಲಿ ಮತ್ತು ಉದ್ಯೋಗ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ದುಡಿಮೆಯ ಏರಿಳಿತವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ನಾಲೆಯ ನೀರು ಮತ್ತು ಕಬ್ಬಿನ ಬೆಲೆ. ನಾಲೆಗೆ ನೀರುಣಿಸುವ ಕನ್ನಂಬಾಡಿ ಕಟ್ಟೆ ತುಂಬದ ವರ್ಷ ನಾಟಿ, ಕಳೆ, ಕಟಾವು ಎಲ್ಲವೂ ಕುಗ್ಗುತ್ತವೆ. ಕಟಾವಿನ ಕೂಲಿ ಟನ್ ಲೆಕ್ಕದ್ದು. ದರ ಇಳಿಯದಿದ್ದರೂ ಕಡಿಯಲು ಕಬ್ಬಿಲ್ಲದೆ ಕೈಗೆ ಬರುವ ಹಣ ಇಳಿಯುತ್ತದೆ. ದಿನಗೂಲಿಯ ದರವನ್ನಷ್ಟೇ ನೋಡುವವರಿಗೆ ಈ ನಷ್ಟ ಕಾಣುವುದೇ ಇಲ್ಲ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಕೆಲವು ವರ್ಷ ನಿಂತು 2022ರಲ್ಲಿ ಮತ್ತೆ ಅರೆಯತೊಡಗಿತು. ನಡುವೆ ಕಬ್ಬು ಮದ್ದೂರು ತಾಲ್ಲೂಕಿನ ಕೊಪ್ಪ, ಕೆ.ಎಂ. ದೊಡ್ಡಿಯ ಖಾಸಗಿ ಕಾರ್ಖಾನೆಗಳಿಗೂ ಆಲೆಮನೆಗಳಿಗೂ ಹರಿಯಿತು: ಕೆಲಸ ಪೂರ್ತಿ ಅಳಿಯಲಿಲ್ಲ, ಜಾಗ ಬದಲಿಸಿತು.

ಸಿದ್ಧ ಉಡುಪು ಉದ್ಯಮದ ನಡೆ ಬೇರೆ. ಅಲ್ಲಿ ಸರ್ಕಾರ ಕನಿಷ್ಠ ವೇತನ ಗೊತ್ತುಪಡಿಸಿರುವುದರಿಂದ ಬೇಡಿಕೆ ಕುಸಿದಾಗ ಸಂಬಳಕ್ಕಿಂತ ಮೊದಲು ಹುದ್ದೆಗಳು ಕರಗುತ್ತವೆ. 2020ರ ಜೂನ್‌ನಲ್ಲಿ ನೆರೆಯ ಶ್ರೀರಂಗಪಟ್ಟಣದ ಒಂದು ಘಟಕ ಮುಚ್ಚಿ 1,200ಕ್ಕೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು, ಬಹುಪಾಲು ಹೆಂಗಸರು. ಅದೇ ವರ್ಷ ಕೋವಿಡ್ ಲಾಕ್‌ಡೌನ್‌ನಿಂದಾಗಿ ಬೆಂಗಳೂರು, ಮುಂಬಯಿಗಳಿಂದ ಊರಿಗೆ ಮರಳಿದವರಿಗೆ ಉದ್ಯೋಗ ಖಾತರಿ ಯೋಜನೆಯ 275 ರೂಪಾಯಿ ದಿನಗೂಲಿ ಒದಗಿತು.