ಹಜಾರದ ಹುಡಿ

ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಹಜಾರವೇ ಕಾರ್ಖಾನೆ. ಅಜ್ಜ ಕಮಾನಿನ ಹುರಿ ಎಳೆದು ಹಾಲೆಮರ ಕಡೆಯುವಾಗ ಉಳಿಯಿಂದ ಸುರುಳಿ ಸುರುಳಿಯಾಗಿ ಹೊಟ್ಟು ಕಾಲಬಳಿ ಬೀಳುತ್ತಿತ್ತು. ಆಮೇಲೆ ಮೋಟಾರ್ ಲೇತು ಬಂತು. ವೇಗವಾಗಿ ತಿರುಗುವ ಮರಕ್ಕೆ ಸ್ಯಾಂಡ್‌ಪೇಪರ್ ಹಿಡಿದರೆ ಹಿಟ್ಟಿನಂಥ ಹುಡಿ ಎದ್ದು ಗಂಟೆಗಟ್ಟಲೆ ಗಾಳಿಯಲ್ಲೇ ನಿಲ್ಲುತ್ತದೆ. ಅಪ್ಪನ ಕೆಮ್ಮನ್ನು ಮನೆಯವರೆಲ್ಲ ಕಸುಬಿನ ಕೆಮ್ಮು ಎಂದೇ ಒಪ್ಪಿಕೊಂಡಿದ್ದೆವು. ಒಪ್ಪಬಾರದಿತ್ತು. ಇಂಗ್ಲೆಂಡಿನ ಹೈ ವಿಕಂಬ್‌ ಸುತ್ತಿನ ಪೀಠೋಪಕರಣ ಕೆಲಸಗಾರರಲ್ಲಿ ಮೂಗಿನ ಕ್ಯಾನ್ಸರ್ ಹೆಚ್ಚೆಂದು 1960ರ ದಶಕದಲ್ಲೇ ವೈದ್ಯರು ಗುರುತಿಸಿದ್ದರು. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಹುಡಿಯನ್ನು ಕ್ಯಾನ್ಸರ್‌ಕಾರಕವೆಂದು ಪ್ರಕಟಿಸಿತು. ಬಾಯಿಗೆ ಕಟ್ಟಿದ ಟವೆಲ್ಲು ಸಣ್ಣ ಹುಡಿಯನ್ನು ತಡೆಯದು. ಲೇತಿನ ಪಕ್ಕದಲ್ಲೇ ಹುಡಿ ಹೀರುವ ಕೊಳವೆ, ಮುಖಕ್ಕೆ ಒತ್ತಿ ಕೂರುವ ಎನ್‌95 ಮಾಸ್ಕು ಬೇಕು. ಸಂಜೆ ಅದೇ ಹಜಾರ ಗುಡಿಸುವ ಹೆಣ್ಣುಮಕ್ಕಳಿಗೂ ಅಂಥದೊಂದು ಮಾಸ್ಕು ಬೇಕು.